ಗಂಟು

ಬುಧವಾರ ರಾತ್ರಿ ವಿಲ್ಮಾ ಫೋನು ಮಾಡಿದಳು.
ಎರಡು ವರ್ಷ ಮಾತಿರಲಿಲ್ಲ. ಹಲೋ ಕೂಡ ಎನ್ನದೆ
"ನಾಳೆ ಬಾ. ಟರ್ಕಿ ನಾನು ಬೇಯಿಸುತ್ತೇನೆ,
ಗ್ರೇವಿ ಮಾತ್ರ ನನ್ನ ಕೈಲಿ ಆಗದು."

ಕೋರ್ಟಿನ ಕಾಗದದ ಪ್ರಕಾರ ಅವಳು ನನಗೆ ಅತ್ತೆಯಲ್ಲ.
ಕಾಗದಕ್ಕೇನು ಗೊತ್ತು.
ನನ್ನ ಗಂಟೇನು ಹೋಗುತ್ತದೆ ಅಂದುಕೊಂಡು
ಶೆಬಾಯ್ಗನ್ನಿಗೆ ನಲವತ್ತು ಮೈಲಿ,
ಸರೋವರದ ಗಾಳಿಗೆ ಕಾರು ಅಡ್ಡಡ್ಡ ಜಗ್ಗುತ್ತಿರಲು,
ಬೆಳಗಿನ ಏಳಕ್ಕೆ ಅವಳ ಹಿಂಬಾಗಿಲಲ್ಲಿ ನಿಂತೆ.

ಮುಂಬಾಗಿಲು ನೆಂಟರಿಗೆ.

ಮೊದಲು ಕತ್ತು, ಗುಂಡಿಗೆ, ಕಂದನಕಾಯಿ.
ಲಿವರ್ ಬೇಡ, ಕಹಿ ಬಿಡುತ್ತದೆ, ಅದು ಬೆಕ್ಕಿನ ಪಾಲು.
ಈರುಳ್ಳಿ ಸಿಪ್ಪೆ ಸಮೇತ, ಸೆಲರಿಯ ದಂಟು, ಒಂದು ಪಲಾವಿನೆಲೆ,
ಮುಳುಗುವಷ್ಟು ನೀರು.
ಕೊತಕೊತ ಕುದಿಯಕೂಡದು;
ತಳದಿಂದ ಒಂದೊಂದೇ ಗುಳ್ಳೆ ಏಳಬೇಕು,
ನಿದ್ದೆಯಲ್ಲಿ ಮಾತಾಡುವವರ ಹಾಗೆ.

ಇದನ್ನು ಕಲಿಸಿದವಳು ಅವಳೇ.
ಮದುವೆಯಾದ ವರ್ಷ, ಇದೇ ಒಲೆಯ ಮುಂದೆ,
ನನ್ನ ಮೊದಲ ಗ್ರೇವಿಯನ್ನು ಸಿಂಕಿಗೆ ಸುರಿದು
"ಗೋಡೆಗೆ ಕಾಗದ ಅಂಟಿಸಲು ಚೆನ್ನಾಗಿತ್ತು" ಎಂದಿದ್ದಳು.
ಸೋಸುವುದೆಂದರೆ ಸೋತಂತೆ ಅವಳಿಗೆ.
ಜರಡಿ ಹಿಡಿದವಳನ್ನು ಅಡುಗೆಯವಳೆಂದು ಲೆಕ್ಕಿಸುತ್ತಿರಲಿಲ್ಲ.

ಈಗ ಕುರ್ಚಿಯಲ್ಲಿ ಕೂತಿದ್ದಾಳೆ. ಬಲಗೈ ಮೇಲೆ ಎಡಗೈ,
ನಡುಕ ಕಾಣದಿರಲೆಂದು.
ಕಾಣುತ್ತದೆ.
"ಹಿಟ್ಟು ಹಿಡಿದರೆ ಅಡುಗೆಮನೆಯಲ್ಲೇ ಹಿಮ ಬೀಳುತ್ತದೆ" ಅಂದಳು.
ಹೊಸ ಸೊಸೆಯ ಬಗ್ಗೆ ಕೇಳಿದೆ.
"ಬ್ರಿಯಾನಾ? ಪಾಪ, ಒಳ್ಳೆಯವಳು.
ಪೊಟ್ಟಣ ಕತ್ತರಿಸಿ ಬಿಸಿನೀರಿಗೆ ಸುರಿಯುತ್ತಾಳೆ."
ಆ ಪಾಪದಲ್ಲಿ ಎಷ್ಟು ಉಪ್ಪಿತ್ತು!

ಎರಡು ಗಂಟೆಗೆ ಹಕ್ಕಿ ಹೊರಬಂತು, ಮೈಯೆಲ್ಲ ಹೊಳಪು.
ಅದನ್ನು ಹೊಗಳಲು ಆಚೆ ಜನರಿದ್ದಾರೆ;
ನಮ್ಮಿಬ್ಬರ ಕಣ್ಣು ಅದರಡಿಯ ತಟ್ಟೆಯ ಮೇಲೆ.
ಕರಗಿದ ಕೊಬ್ಬು, ತಳಕ್ಕೆ ಕಚ್ಚಿದ ಕರಿಕಲು ಚೂರು.
ಕೊಬ್ಬನ್ನು ಬಸಿದು ಬೇರೆ ಇಟ್ಟೆ.
ಒಂದು ಲೋಟ ಸೇಬಿನ ರಸ ಚೊಯ್ಯೆಂದಿತು,
ಮರದ ಸೌಟಿನಿಂದ ಕೆರೆದೆ, ಕೆರೆದೆ,
ತಳ ಹಿಡಿದದ್ದೇ ರುಚಿ, ಮಿಕ್ಕದ್ದು ಬರೀ ನೀರು.

ಕೊಬ್ಬಿಗೆ ಹಿಟ್ಟು. ಸಣ್ಣ ಉರಿ.
ಬಿಳುಪು ಹೋಗಬೇಕು, ಹಸಿ ವಾಸನೆ ಹೋಗಬೇಕು,
ಹಳೆಯ ತೊಗಲಿನ ಕೈಚೀಲದ ಬಣ್ಣಕ್ಕೆ ಬರಬೇಕು.
ಆಮೇಲೆ ಕತ್ತಿನ ಸಾರು, ಒಂದೊಂದೇ ಸೌಟು,
ಕೈ ನಿಲ್ಲಿಸದೆ,
ಕೈ ನಿಲ್ಲಿಸದೆ...

ಆಗ ಮುಂದಿನ ಕೋಣೆಯಲ್ಲಿ ಕರ್ಟ್ ನಕ್ಕ.

ಅದೇ ನಗು, ಕೊನೆಗೆ ಮೂಗಿನಲ್ಲಿ ಸೇರುವಂಥದು.
ನಿಂತದ್ದು ಎಷ್ಟು ಹೊತ್ತು? ಮೂರು ಉಸಿರು.
ಅಷ್ಟರಲ್ಲಿ ಕಟ್ಟಿತ್ತು:
ಒಂದು, ಅಲ್ಲೊಂದು, ಅಂಚಿನಲ್ಲಿ ಐದಾರು.

ವಿಲ್ಮಾ ನೋಡಿದಳು.
ಸಿಂಕಿನ ಕಡೆ ನಾನೂ ನೋಡಿದೆ.
ಎದ್ದಳು, ಮೇಜು ಹಿಡಿದು, ಕಪಾಟು ಹಿಡಿದು,
ಕೆಳಗಿನ ಖಾನೆಯಿಂದ, ಬಂಡೆಗಳ ಹಿಂದಿನಿಂದ,
ಜರಡಿ ತೆಗೆದುಕೊಟ್ಟಳು.
ತುಕ್ಕಿರಲಿಲ್ಲ. ಹಿಡಿ ಸವೆದಿತ್ತು.

ಎಷ್ಟು ವರ್ಷದಿಂದ, ವಿಲ್ಮಾ?
ಕೇಳಲಿಲ್ಲ. ಸೋಸಿದೆ.
ಸೌಟಿನ ತುದಿ ನೆಕ್ಕಿ ಅವಳು "ಹೂಂ" ಅಂದಳು.

ಬ್ರಿಯಾನಾ ಬಂದಳು, ಬಾಯಿ ಮುಕ್ಕಾದ ಗ್ರೇವಿ ಪಾತ್ರೆ ಒಯ್ಯಲು.
ಗಂಟುಮುಖವೇನೂ ಇಲ್ಲ, ಚಿಕ್ಕ ಹುಡುಗಿ, ಉಗುರಿಗೆ ಹಸಿರು ಬಣ್ಣ.
"ಬಿಸಿ ಇದೆ, ಅಡಿಯಲ್ಲಿ ಬಟ್ಟೆ ಹಿಡಿ" ಅಂದೆ.
ನಾವಿಬ್ಬರು ಆಡಿದ್ದು ಅಷ್ಟೆ.

ಊಟಕ್ಕೆ ನಿಲ್ಲಲಿಲ್ಲ. ನಿಲ್ಲೆಂದು ಅವಳೂ ಅನ್ನಲಿಲ್ಲ,
ಒಂದು ಬಾಟಲಿ ತುಂಬಿ, ಟವೆಲು ಸುತ್ತಿ, ಕಂಕುಳಿಗೆ ತುರುಕಿದಳು.
ರೈಲು ಗೇಟಿನಲ್ಲಿ ಗೂಡ್ಸು ಬಂಡಿ, ಮುಗಿಯುವಂತಿಲ್ಲ.
ಮುಚ್ಚಳ ತೆಗೆದು ಬೆರಳದ್ದಿದೆ.

ಉಪ್ಪು ಒಂದು ಚಿಟಿಕೆ ಕಡಿಮೆ.
ಹೇಳುವವಳು ಒಬ್ಬಳಿದ್ದಳು.
ಹೇಳಲಿಲ್ಲ.