ನೂರು ಹನಿ

ನಸುಕಿನ ನಾಕಕ್ಕ ನಾ ಎದ್ದು ಒಲಿ ಹಚ್ಚಿದ ಮ್ಯಾಲೆ
ಹುಂಜ ಎಚ್ಚರಾಗತೈತಿ. ಅದಕ್ಕ ನಾನ ಗಡಿಯಾರ.
ಕತ್ತಲದಾಗ ಗೂಡಿನ ಚಿಲಕ ಮುಟ್ಟಿ ನೋಡಿ,
ನುಚ್ಚಿನ ತಾಟು ಮಗಳಿಗೆ ತುಂಬಿಟ್ಟು,
ಖಾಕಿ ತೊಟ್ಟು, ಮಷೀನು ಹೆಗಲಿಗೆ ಹಾಕಿ
ಮುಂಡರಗಿ ಗಾಡಿಗೆ ಓಡತೇನಿ.
ದಿನಾ ತಲಿ ಎಣಸೂದು ನನ್ನ ಕೆಲಸ,
ಹಗಲ ಮಂದೀದು,
ಸಂಜೀಕ ಕೋಳೀದು.

ಡಂಬಳದಾಗ ಒಬ್ಬ ಮುದುಕಿ ಹತ್ತಿದ್ಲು,
ಸೆರಗಿನ್ಯಾಗ ಹ್ಯಾಟಿ. ಕುತ್ತಿಗಿ ಹೊರಗ ಚಾಚಿ
ಕಿಟಕಿ ನೋಡಾಕತ್ತಿತ್ತು.
"ಕೋಳಿಗೆ ಅರ್ಧ ಟಿಕೀಟು, ಯಮ್ಮಾ."
"ನಂಗ ಪುಕ್ಕಟ ಅಂದಮ್ಯಾಲೆ ಇದಕ್ಯಾಕ? ಇದೇನ ಗಂಡಸ?"
ಇಡೀ ಗಾಡಿ ನಕ್ಕಿತು.
ರೊಕ್ಕ ನಾನ ತುಂಬಿದೆ.
ಆಧಾರ ಕಾರ್ಡ ಇಲ್ಲದ ಹೆಣ್ಣು, ಏನ ಮಾಡೂದು?

ಹೋದ ಬ್ಯಾಸಿಗ್ಯಾಗ ನನ್ನವು ಹನ್ನೊಂದಿದ್ದುವು.
ಸೋಮವಾರ ಒಂದು ತೂಕಡಿಸಿತು,
ಹಸರ ಹಿಕ್ಕಿ ಹಾಕಿ, ಕುತ್ತಿಗಿ ತಿರುಚಿ
ಮುಗಿಲ ನೋಡಿಕೋತ ನಿಂತಿತು.
ಬೆಳ್ಳುಳ್ಳಿ ಅರದು ಕುಡಿಸಿದೆ. ಅರಿಷಿಣ ನೆಕ್ಕಿಸಿದೆ.
ಗುರುವಾರಕ್ಕ ಉಳದದ್ದು ಹುಂಜ, ಕುಂಟಿ ಒಂದು,
ಮತ್ತ ಕಾವಿಗೆ ಕೂತ ಕರಿಹ್ಯಾಟಿ.
ಎಂಟನ್ನೂ ನಿಂಬಿಗಿಡದ ಬುಡಕ ಹುಗದು
ಸೆಕೆಂಡ್ ಶಿಫ್ಟಿಗೆ ಹೋದೆ.
ಅವತ್ತು ಚಿಲ್ಲರ ಲೆಕ್ಕ ಮೂರ ಸಲ ತಪ್ಪಿತು.

ಕರಿಹ್ಯಾಟಿ ಬುಟ್ಟಿಯೊಳಗ ಇದ್ದಲಿ, ಕಬ್ಬಿಣದ ಮೊಳಿ ಇಟ್ಟಿದ್ದೆ,
ಗುಡುಗಿಗೆ ತತ್ತಿ ಕೆಡಬಾರದಂತ.
ಮಗಳು ಬಿಎಸ್ಸಿ. ನಕ್ಕಳು. ಮೊಳಿ ಮಾತ್ರ ತೆಗೀಲಿಲ್ಲ.
ಹನ್ನೆರಡರಾಗ ಒಂಬತ್ತು ಒಡದು ಬಂದುವು.
ಗಿಡುಗಕ್ಕ ಒಂದು, ಮುಂಗಲಿಗೆ ಎರಡು.

ಈ ಸಲ ಮೊದಲ ಪಶು ದವಾಖಾನಿಗೆ ಹೋದೆ.
ಡಾಕ್ಟರು ಬೆರಳುದ್ದದ ಬಾಟ್ಲಿ ತೋರಿಸಿ
"ಇದರಾಗ ನೂರು ಕೋಳಿಗೆ ಐತಿ. ಕಲಸಿದ ಮ್ಯಾಲೆ
ಎರಡ ತಾಸು. ಆಮ್ಯಾಲೆ ಬರೇ ನೀರು."
"ನನ್ನವು ಒಂಬತ್ತು, ಸರ್."
"ಕಂಪನಿಯವರು ಒಂಬತ್ತರದು ಮಾಡೂದಿಲ್ಲ, ಅಕ್ಕಾ."

ಐವತ್ತೆರಡ ಸೀಟಿನ ಗಾಡಿ
ಒಂಬತ್ತ ಮಂದಿನ್ನ ಹೊತ್ತು ಹೋದರ
ಡಿಪೋ ಮ್ಯಾನೇಜರ್ ಸುಮ್ನ ಬಿಡತಾನೇನು?

ಬರ್ಪಿನ ಥರ್ಮಾಸ ಬಗಲಾಗ ಹಿಡದು
ಬೆಟಗೇರ್ಯಾಗ ನಮ್ಮ ಓಣಿ ತುದಿಗೆ ನಿಂತು
ಸೀಟಿ ಊದಿದೆ.
ಮೋದಿನಸಾಬನ ಹದಿನಾಲ್ಕು ಬಂದುವು, ಕಾಲ ಕಟ್ಟಿ, ತಲಿ ಕೆಳಗ.
ಚರ್ಚಿನ ಹಿಂದಿನ ಸಮುವೇಲ ಅಜ್ಜ
ತನ್ನವನ್ನ ಒಂದೊಂದ ಹೆಸರ ಹಿಡದು ಕರದ.
ಮಗ್ಗದ ಮನಿ ಹುಡುಗೂರು ಕೊಡಪಾನದಾಗ ಪಿಳ್ಳಿ ತಂದುವು.
ಸೋಮವ್ವ,
ನನ್ನ ಹುಂಜ ಆಕಿ ಮೆಂತೆ ಮಡಿ ಕೆದರಿದಾಗಿಂದ
ಎರಡ ವರ್ಷ ಮಾತಿಲ್ಲ,
ಗ್ವಾಡಿ ಮ್ಯಾಲಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಸಿದ್ಲು.
ಏಳು ಕೋಳಿ. ಮಾತಿಲ್ಲ.

ಒಂದಕ್ಕ ಒಂದ ಹನಿ, ಕಣ್ಣಿಗೆ.
ಮಗಳು ರೆಪ್ಪಿ ಅಗಲಿಸಿ ಹಿಡದ್ಲು, ನಾ ಬಿಟ್ಟೆ.
ಪಿಳಿಪಿಳಿ ಅಂದು, ಮಂದ್ಯಾಗ ಮರ್ಯಾದಿ ಹೋದವರಂಗ
ಮೈ ಝಾಡಿಸಿ ಇಳದುವು.
ಹೊಳ್ಳಿ ಹೋಗೂ ಬುಟ್ಟಿ ಎಳಕೊಂಡಾಗ
ಸೋಮವ್ವನ ಬಳಿ ಸಪ್ಪಳ ಅಷ್ಟ ಕೇಳಿತು.

ತೊಂಬತ್ತಮೂರಕ್ಕ ಓಣಿ ಮುಗೀತು.
ಏಳು ಹನಿ ಉಳದುವು.
ಒಬ್ಬ ಹುಡುಗ ತಂತಿ ಮ್ಯಾಲಿನ ಕಾಗಿ ತೋರಿಸಿದ.
"ಅದಕ್ಕ ಟಿಕೀಟಿಲ್ಲ" ಅಂದೆ.

ಹೊತ್ತು ಮುಣಗಿತು.
ಬ್ಯಾಟರಿ ಹಿಡದು ಗೂಡಿನ್ಯಾಗ ಹಣಕಿದೆ.
ಒಂಬತ್ತು ಮುಗದರೂ ಬೆರಳು ನಿಲ್ಲಲಿಲ್ಲ.
ಮತ್ತ ಎಣಸಿದೆ. ಹತ್ತು.
ಕರಿಹ್ಯಾಟಿ ಬಾಜೂಕ, ಸೀಟು ಹಿಡದು,
ಸೋಮವ್ವನ ಬೂದಿಬಣ್ಣದ್ದು
ಗಟ್ಯಾಗಿ ಕಣ್ಣ ಮುಚ್ಚಿ ಕುಂತೈತಿ.
ಟಿಕೀಟು ತಗಸದವರು ಎಲ್ಲಾರೂ
ಹಿಂಗ ನಿದ್ದಿ ಮಾಡತಾರ.

ಗ್ವಾಡಿ ಆಕಡೆ "ಬಾ ಬಾ ಬಾ" ಅಂತ ಕರಿಯೂ ದನಿ.
ತಡದು ಮತ್ತೊಮ್ಮೆ.
ನಾ ಚಿಲಕ ಹಾಕಿದೆ.
ಬೇಕಾದರ ಕೇಳಲಿ,
ಬಾಯಿ ಬಿಟ್ಟು.