ಜಗ್ಗೂದಿಲ್ಲ

ಬಾಂಬೋಳಿ ಗುಡ್ಡದ ಮ್ಯಾಲೆ, ಮೂರನೇ ಮಾಳಿಗಿ,
ಸಿಂಕಿನ ಬಾಜೂಕ ನನ್ನ ಸ್ಟೂಲು,
ಸ್ಟೂಲಿನ ಕೆಳಗ ಪಂಪು.
ಇಪ್ಪತ್ತೆರಡು ವರ್ಷ ಆತು
ಇಬ್ಬರೂ ಕೂಡಿ ಕೆಮ್ಮಾಕ ಹತ್ತಿ.

ಕೊರ್ತಾಲಿ ಧಕ್ಕೆಯಿಂದ ಜುವಾರಿ ನೀರು ಬರತೈತಿ
ಕಂದು ಬಾಟಲಿಯೊಳಗ, ಕೊರಳಿಗೊಂದು ಚೀಟಿ:
ತಾರೀಖು, ಆಳ, ಭರತಿಯೋ ಇಳತವೋ.
ಲಾಳಿಕಿಗೆ ಸುರುವತೇವಿ. ಅಡಿಯಾಗ ಕಾಗದ,
ಹಳೇ ರೂಪಾಯಿ ಅಗಲ, ಹಾಲಿನ ಕೆನಿಯಂಥಾದು.
ನೀರು ಇಳದು ಹೋದ ಮ್ಯಾಲೆ ಅಲ್ಲಿ ಉಳಿಯೂದು
ಒಂದು ಹಸಿರು.
ಹಸಿರು ಅನ್ನಾಕೂ ಧೈರ್ಯ ಬೇಕು,
ವೀಳ್ಯದೆಲಿ ತೊಳದ ನೀರಿನಷ್ಟು.
ಅದರಾಗ ಲಕ್ಷಗಟ್ಟಲೆ ಗಿಡ ಅದಾವ ಅಂತಾರ
ಡಾಕ್ಟರ್ ಎರ್ಮೆಲಿಂದಾ.
ಬೇರಿಲ್ಲ, ಟೊಂಗಿ ಇಲ್ಲ, ನೆರಳೂ ಇಲ್ಲ.

ಅದಕ್ಕ ಮುಳ್ಳು ಐದು ದಾಟಬಾರದು.
ದಾಟಿದರ ಆ ಗಿಡ ಒಡೀತಾವ,
ಹಸಿರೆಲ್ಲ ನೀರಿನ ಸಂಗಾಟ ಕೆಳಗ.
ಐದರ ಮ್ಯಾಲಿನ ಕೆಂಪು ಗೆರಿ ನಂದು,
ನನ್ನ ಮಗಳ ಉಗುರಬಣ್ಣ.

ಜೂನದಾಗ ಬಂದಾಕಿ ಸ್ವರೂಪಾ ಗಾಂವಕರ.
ಅಕಿಗೆ ಫೊಂಡಾದ ಕಡೀ ಬಸ್ಸು, ಅದರ ಅವಸರ.
ಅವತ್ತು ಮುಳ್ಳು ಇಪ್ಪತ್ತಕ್ಕ ಹೋತು.
ನೀರು ಗಟಾರದಂಗ ಇಳೀತು,
ಫ್ಲಾಸ್ಕು ತುಂಬಿತು, ನಡುವ ಇಡೂ ಬಾಟಲಿ ಇಟ್ಟಿರಲಿಲ್ಲ,
ರಬ್ಬರ ನಳಗ್ಯಾಗ ಏರಿ ಏರಿ
ಪಂಪು ಹೊಳಿ ಕುಡೀತು.
ಕಾಗದ ಬೆಳ್ಳಗ ಬಂತು, ಹೊಸಾ ಅಂಗಿಯ ಜೇಬಿನಂಗ.
ಎಣ್ಣಿ ನೋಡೂ ಕಿಟಕ್ಯಾಗ ನೋಡತೇನಿ,
ಹಾಲು ಹೆಚ್ಚಾದ ಚಾ.

ಅಕಿ ಅತ್ತಳು. ಬಸ್ಸಿಗೆ ಹೋದಳು.
ನಾ ಕುಂತೆ.
ಬಿಸಿ ಇರೂತ್ಲೆ ಎಣ್ಣಿ ಬಸದೆ, ಹೊಸಾದು ಹೊಯ್ದೆ, ಓಡಿಸಿದೆ,
ಮತ್ತ ಬಸದೆ.
ಮೂರನೇ ಸಲಕ್ಕ ಜೇನಿನ ಬಣ್ಣ ತಿರುಗಿ ಬಂತು.
ರಾತ್ರಿ ಹತ್ತೂವರಿ. ಹೊರಗ ನಾಯಿ, ದೂರ ಒಂದು ಬಾರ್ಜಿನ ದೀಪ.

ಮುಂದಿನ ವಾರ ಬ್ಲಾಟು.
ತೊಂಬತ್ತಾರು ತೂತಿನ ಹಲಗಿ,
ಅಕಿಯ ಸ್ಯಾಂಪಲ್ಲು ಹನ್ನೊಂದ.
ಪಂಪು ಹುಸ್ ಹುಸ್ ಅಂತೈತಿ, ಹನಿ ಇಳೀವಲ್ದು.
ಖಾಲಿ ತೂತಿಗೆ ಟೇಪು ಹಚ್ಚವ್ವ, ಅಂದೆ,
ಎಂಬತ್ತೈದು ಬಾಗಿಲಾ ತೆರದಿಟ್ಟು
ಹನ್ನೊಂದು ಮನಿಗೆ ಪಾಳಿ ಯಾವಾಗ ಬರೂದು?
ಅಕಿ ನಕ್ಕಳು. ಅವತ್ತ ಮೊದಲ ಸಲ.
ಬ್ಯಾರೆದವರು ಜೋರಾಗಿ ಜಗ್ಗಿಸು, ಅಂತಿದ್ದರು.

ಜಗ್ಗೂದು, ಅಂತ ನಾನೂ ಅಂತಿದ್ದೆ,
ಇಪ್ಪತ್ತೆರಡು ವರ್ಷ.
ಯಾಮು, ಪಂಪು ಜಗ್ಗೂದಿಲ್ಲ, ಅಂದರು ಡಾಕ್ಟರ್,
ಗಾಜು ಒರಸತಾ, ಕೊಂಕಣಿಯೊಳಗ.
ಒಳಗ ಏನೂ ಇಲ್ಲಲ್ಲ. ಇಲ್ಲದ್ದು ಹೆಂಗ ಜಗ್ಗೀತು?
ಹೊರಗಿನ ಗಾಳಿ ದೂಡತೈತಿ.
ನಮ್ಮ ತಲಿ ಮ್ಯಾಲೆ ಆಕಾಶದ ಮಟಾ ನಿಂತದ್ದು ಅದ.
ಪಂಪು ಬರೇ ಜಾಗಾ ಮಾಡಿ ಕೊಡತೈತಿ.

ನಾ ಯಮನೂರಪ್ಪ. ಇಲ್ಲಿ ಯಾಮು.
ಬಾಯ್ನಾದಾಗ ಮೀನ ತಗೊಳ್ಳೂಮುಂದ ಕೇಳತಾರ,
ನಿನ್ನ ಇಲ್ಲಿತನಾ ಏನು ಜಗ್ಗಿ ತಂತು ಮಾರಾಯಾ,
ಸಮುದ್ರಾನೋ? ರೊಕ್ಕಾನೋ?
ಬಾಂಗಡಿ, ಅಂತ ನಗಸತಿದ್ದೆ.
ಇನ್ನ ಯಾರೂ ಜಗ್ಗಿಲ್ಲ ಅನ್ನಬಹುದು.
ಹಂಗಾರ ಏನು ದೂಡಿತು ಅಂದರ
ಆ ಬಾಟಲಿಗೆ ನಾ ಚೀಟಿ ಹಚ್ಚಿಲ್ಲ.

ಮುಚ್ಚೂಮುಂದ ಮೊದಲು ಗಾಳಿ ಬಿಡಬೇಕು, ಆಮ್ಯಾಲೆ ಬಟನ್ನು.
ಉಲ್ಟಾ ಮಾಡಿದರ ಎಣ್ಣಿ ತಿರುಗಿ ನಳಗಿ ಹತ್ತತೈತಿ.
ಅಕಿಗೆ ಈಗ ಹೇಳೂದು ಬ್ಯಾಡ.
ಮುಳ್ಳು ನಾಕೂವರಿ ಮ್ಯಾಲೆ ನಿಂತೈತಿ,
ಹನಿ, ಆಮ್ಯಾಲೆ ಹನಿ.
ಕದಂಬ ಬಸ್ಸು ಗುಡ್ಡ ಇಳದ ಸಪ್ಪಳಾತು.
ಸ್ವರೂಪಾ ತಲಿ ಎತ್ತಲಿಲ್ಲ.
ನಾ ಚಾಕ್ಕ ಇಟ್ಟೆ, ಹಾಲು ಕಡಿಮಿ.