ಕ್ರೇನು ಇಳಿಯುವಾಗ

ಹಿಂಜವಡಿ. ಮೂವತ್ತೊಂದನೇ ಮಾಳಿಗಿ ಎತ್ತರ.
ಕೆಳಗ ಕಾಂಕ್ರೀಟು ಕಾದು ಹಂಚಾಗೇದ;
ಝಳ ಏರಿ, ಏರಿ,
ಸಾಸವಡದ ಕಡೆ ಹೂಕೋಸಿನಂಥ ಮೋಡ.

‘ಒಂಟಿ ಅದ,’ ಅಂದ ವೈರ್‌ಲೆಸ್ಸಿನಾಗ ಲಾಲೇಸಾಬ,
‘ತಾಸಿನಾಗ ತಾನ ಅತ್ತು ತಾನ ಕರಗ್ತದ.’

ಅತ್ತದ್ದು ಖರೆ.
ಆದರ ಅದರ ತಣ್ಣನ ಉಸಿರು ನೆಲಕ್ಕ ಬಿದ್ದು, ಹರದು,
ಬಾಜೂದ ಬಿಸಿಗಾಳಿ ಮ್ಯಾಲಕ್ಕ ಎತ್ತಿ ಒಗೀತು:
ಒಂದು ಸಾಯೂದ್ರಾಗ ಮೂರು ಹುಟ್ಟಿದವು,
ಸಾಲು ಹಿಡದವು,
ನೆತ್ತಿ ಮ್ಯಾಲ ಕಮ್ಮಾರನ ಅಡಿಗಲ್ಲು ಹೊತ್ತು.

ಗಾಳಿಮುಳ್ಳು ಕೆಂಪಿಗೆ ಬಂತು.
ಬ್ರೇಕು ಬಿಟ್ಟೆ.
ಉಕ್ಕಿನ ತೋಳು ಇನ್ನ ಗಾಳಿ ಹೇಳಿದ ಕಡೆ ತಿರುಗಲಿ;
ಹಿಡದರ ಮುರೀತದ.

ಏಣಿ.
ಮಿಂಚಿದಾಗೊಮ್ಮೆ ಎಣಸ್ತೀನಿ, ಗುಡುಗು ಬರೂತನಕ:
ಹನ್ನೆರಡು ಮೆಟ್ಟಿಲು.
ಏಳು.
ಲಾಲೇಸಾಬ ಏನೋ ಒದರ್ಲಿಕ್ಕತ್ತಾನ, ಕೇಳವಲ್ದು.
ನಾಕು.